ಕೋರಿ ಟ್ಯಾಲಿಯ ಕಡತ

2024ರ ಅಕ್ಟೋಬರ್ 7, ಸೋಮವಾರ, ಬೆಳಿಗ್ಗೆ 8.10. ಅಮೆರಿಕದ ಟೆನೆಸಿ ರಾಜ್ಯದ ಬ್ರೆಂಟ್‌ಮೋರ್ ಠಾಣೆಗೆ ಫೋನ್ ಬಂತು. ಕರೆ ಮಾಡಿದವರು ಮಿಸೆಸ್ ಗ್ಲೆಂಡಾ ಓಕ್ಸ್, ಹಿಲ್ ಸ್ಟ್ರೀಟಿನ ಮನೋವೈದ್ಯರ ಕ್ಲಿನಿಕ್ಕಿನ ಮ್ಯಾನೇಜರ್. ಹಿಂಬಾಗಿಲ ಗಾಜು ಒಡೆದು ಯಾರೋ ಒಳಗೆ ನುಗ್ಗಿದ್ದಾರೆ ಎಂಬುದು ದೂರು. ಏನು ಕಳುವಾಗಿದೆ ಎಂದರೆ ಏನೂ ಇಲ್ಲ ಎಂದರು.

ಡಿಟೆಕ್ಟಿವ್ ಯೋಲಾಂಡಾ ಪ್ರೂಯಿಟ್ ಮತ್ತು ಪೇದೆ ಟೈಸನ್ ಬೀಲರ್ 8.40ಕ್ಕೆ ಅಲ್ಲಿಗೆ ತಲುಪಿದರು. ಬೀಲರ್ ಕೈಯಲ್ಲಿ ಅರ್ಧ ತಿಂದ, ಸಾಸೇಜ್ ಇಟ್ಟ ಬನ್ನು ಇತ್ತು. ಹಿಂಬಾಗಿಲು ನೋಡಿದವನೇ ಅಗಿಯುವುದನ್ನು ನಿಲ್ಲಿಸಿದ.

ಒಡೆದ ಗಾಜಿನ ಜಾಗಕ್ಕೆ ಅಳತೆಯಾಗಿ ಕತ್ತರಿಸಿದ ರಟ್ಟು ಅಂಟಿಸಿತ್ತು. ನೆಲದಲ್ಲಿ ಗಾಜಿನ ಒಂದು ಚೂರೂ ಇರಲಿಲ್ಲ. ಎಲ್ಲವನ್ನೂ ಗುಡಿಸಿ, ಪತ್ರಿಕೆಯಲ್ಲಿ ಸುತ್ತಿ, ಕಸದ ಡಬ್ಬಿಗೆ ಹಾಕಿತ್ತು. ಪೊರಕೆ ತನ್ನ ಮೊಳೆಗೇ ವಾಪಸು ನೇತಾಡುತ್ತಿತ್ತು.

"ಕಳ್ಳನೋ, ನಿಮ್ಮ ಮನೆ ಅಳಿಯನೋ?" ಎಂದ ಬೀಲರ್.

"ನಮ್ಮ ಅಳಿಯ ಪೊರಕೆ ಮುಟ್ಟಿದ್ದನ್ನ ನಾನಂತೂ ನೋಡಿಲ್ಲಪ್ಪ," ಎಂದರು ಮಿಸೆಸ್ ಓಕ್ಸ್.

ಔಷಧದ ಕಪಾಟಿಗೆ ಯಾರೂ ಕೈ ಹಚ್ಚಿರಲಿಲ್ಲ. ಕಂಪ್ಯೂಟರುಗಳಿದ್ದವು. ಪ್ರೂಯಿಟ್ ಬಗ್ಗಿ ರಟ್ಟಿಗೆ ಅಂಟಿಸಿದ್ದ ಟೇಪನ್ನು ನೋಡಿದರು. ಕಡುಹಸಿರು ಬಣ್ಣದ ದಪ್ಪ ಬಟ್ಟೆಯ ಟೇಪು.

"ಸೈನ್ಯದ್ದು ಮೇಡಂ," ಎಂದ ಬೀಲರ್. ಅವನು ಆರು ವರ್ಷ ಸೈನ್ಯದಲ್ಲಿದ್ದು ಬಂದವನು. "ಇದರಲ್ಲಿ ಜೀಪಿನ ಬಾಗಿಲೂ ಕಟ್ಟಿದೀವಿ, ಬೂಟಿನ ಅಟ್ಟೆನೂ ಕಟ್ಟಿದೀವಿ."

ಸುಳಿವೇನೋ ಸಿಕ್ಕಿತು, ಆದರೆ ಪ್ರಯೋಜನ ಅಷ್ಟಕ್ಕಷ್ಟೇ. ಪಕ್ಕದಲ್ಲೇ ಸೇನಾ ನೆಲೆ ಇರುವ ಊರು ಅದು. ಸೈನಿಕರನ್ನು ಅನುಮಾನಿಸಲು ಹೊರಟರೆ ಅರ್ಧ ಊರನ್ನು ಲಾಕಪ್ಪಿಗೆ ಹಾಕಬೇಕಾಗುತ್ತಿತ್ತು.

ಹಿಂದಿನ ಕೋಣೆಗೆ ಹೋದಾಗ ಮಿಸೆಸ್ ಓಕ್ಸ್ ಬಾಗಿಲಲ್ಲೇ ನಿಂತುಬಿಟ್ಟರು. ಹಳೆಯ ರೋಗಿಗಳ ಕಡತಗಳು ಅಲ್ಲಿ ಎಂಬತ್ತಾರು ಪೆಟ್ಟಿಗೆಗಳಲ್ಲಿದ್ದವು. ಡಾಕ್ಟರು ನಿವೃತ್ತರಾಗಿದ್ದರು, ಕ್ಲಿನಿಕ್ ಮುಚ್ಚುತ್ತಿತ್ತು. 11ನೇ ತಾರೀಖು ಶುಕ್ರವಾರ ಲಾರಿ ಬಂದು ಎಲ್ಲವನ್ನೂ ಒಯ್ದು ಯಂತ್ರಕ್ಕೆ ಹಾಕಿ ಚೂರು ಮಾಡಬೇಕಿತ್ತು.

"ನಾವು ಹಿಂಗಿಟ್ಟಿರಲಿಲ್ಲ," ಎಂದರು ಅವರು. "ಹುಡುಗರು ತಂದು ಎಲ್ಲೆಂದರಲ್ಲಿ ಎಸೆದು ಹೋಗಿದ್ರು."

ಈಗ ಪೆಟ್ಟಿಗೆಗಳು ಗೋಡೆಗುಂಟ ದಾರ ಹಿಡಿದಂತೆ ನಿಂತಿದ್ದವು. ಚೀಟಿಗಳೆಲ್ಲ ಹೊರಮುಖವಾಗಿದ್ದವು. ಒಳಗೂ ಕಡತಗಳು ಹೆಸರಿನ ಅಕ್ಷರದ ಕ್ರಮದಲ್ಲಿದ್ದವು.

ಪ್ರೂಯಿಟ್‌ಗೆ ಕಳ್ಳನ ಮೇಲೆ ಮೊದಲ ಸಲ ಅಯ್ಯೋ ಅನ್ನಿಸಿತು. ಹುಡುಕುವವನು ಬೇಕಾದ್ದು ಸಿಕ್ಕ ಮೇಲೆ ಎಲ್ಲವನ್ನೂ ಹಾಗೇ ಚೆಲ್ಲಾಪಿಲ್ಲಿ ಬಿಟ್ಟು ಹೋಗಿದ್ದರೆ, ಏನು ಹೋಯಿತೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಶುಕ್ರವಾರ ಲಾರಿ ಬರುತ್ತಿತ್ತು, ಕೇಸೂ ಅದರ ಜೊತೆಗೇ ಚೂರಾಗುತ್ತಿತ್ತು. ಆದರೆ ಒಂದು ಕೋಣೆಯನ್ನು ಗಲೀಜಾಗಿ ಬಿಟ್ಟು ಬರುವುದು ಈ ಮನುಷ್ಯನ ಕೈಯಲ್ಲಿ ಆಗಿರಲಿಲ್ಲ.

"ನಾಶ ಮಾಡೋ ಕಡತಗಳ ಪಟ್ಟಿ ಇದೆಯಾ?"

"ಇದೆ. ಪಟ್ಟಿ ಇಲ್ದೆ ಚೂರು ಮಾಡೋ ಹಾಗಿಲ್ಲ."

10.05ಕ್ಕೆ ಸ್ಥಳ ಮಹಜರು ಮುಗಿಯಿತು. ಟೇಪಿನ ಮೇಲಿನ ಬೆರಳಚ್ಚು ತೆಗೆದು ಕಳಿಸಲಾಯಿತು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತರು. ಬೀಲರ್ ಹೆಸರು ಓದಿದ, ಪ್ರೂಯಿಟ್ ಪಟ್ಟಿಗೆ ಗುರುತು ಹಾಕಿದರು. ಸಾವಿರದ ಒಂಬೈನೂರ ನಲವತ್ತು ಕಡತಗಳು. ಮಂಗಳವಾರ ಮಧ್ಯಾಹ್ನ 1.30ರ ಹೊತ್ತಿಗೆ ಪಟ್ಟಿಯಲ್ಲಿ ಗುರುತು ಬೀಳದ ಹೆಸರು ಒಂದೇ ಒಂದು ಉಳಿಯಿತು. ಕೋರಿ ಟ್ಯಾಲಿ, ಜನನ 1989.

ಹೆಸರು ಕೇಳಿದ ಮಿಸೆಸ್ ಓಕ್ಸ್ ಕುರ್ಚಿ ಎಳೆದುಕೊಂಡು ಕೂತರು.

"ಅವನ ತಂದೆ ಬಂದಿದ್ರು. ವೆಂಡೆಲ್ ಟ್ಯಾಲಿ. ಮೂರು ಸಲ ಬಂದ್ರು."

"ಯಾಕೆ?"

"ಮಗನ ಕಡತ ಕೊಡಿ ಅಂತ. ಮಗ ಮಾರ್ಚ್‌ನಲ್ಲಿ ತೀರಿಕೊಂಡ. ಸತ್ತವರ ಕಡತ ಕೊಡಬೇಕಾದ್ರೆ ವಾರಸುದಾರ ಅಂತ ಕೋರ್ಟಿನ ಪತ್ರ ಬೇಕು. ಇವರ ಅರ್ಜಿ ವಿಚಾರಣೆಗೆ ಬರೋದು ನವೆಂಬರ್ 12ಕ್ಕೆ."

"ಲಾರಿ ಬರೋದು ಈ ಶುಕ್ರವಾರ."

"ಅದನ್ನೇ ಅವರೂ ಅಂದ್ರು. ಒಂದು ತಿಂಗಳು ತಡೀರಿ ಅಂತ ಅಂಗಲಾಚಿದ್ರು. ನಾನು ಮೇಲಿನವರಿಗೆ ಬರೆದೆ. ಅವರು ಆಗಲ್ಲ ಅಂದ್ರು."

"ನಿನ್ನೆ ಯಾಕೆ ಹೇಳಲಿಲ್ಲ?"

"ಅಷ್ಟು ಮರ್ಯಾದಸ್ಥರು, ಮೇಡಂ. ಟೋಪಿ ತೆಗೆಯದೆ ಒಳಗೆ ಬರಲಿಲ್ಲ. ಅವರ ಮೇಲೆ ಹೇಗೆ ಅನುಮಾನ ಪಡ್ಲಿ?"

2.45ಕ್ಕೆ ಬೆರಳಚ್ಚಿನ ವರದಿ ಬಂತು. ಸೈನ್ಯದ ದಾಖಲೆಯಲ್ಲಿದ್ದ ಅಚ್ಚಿಗೆ ತಾಳೆಯಾಗಿತ್ತು: ವೆಂಡೆಲ್ ಟ್ಯಾಲಿ, ವಯಸ್ಸು 74, ನಿವೃತ್ತ ಸಾರ್ಜೆಂಟ್, ಇಪ್ಪತ್ತಾರು ವರ್ಷ ಸೇವೆ. ಪ್ರೂಯಿಟ್ ಟ್ಯಾಲಿಯವರ ಚರ್ಚಿನ ಪಾದ್ರಿಗೂ ಫೋನ್ ಮಾಡಿದರು. ಭಾನುವಾರ ಬೆಳಿಗ್ಗೆ ಟ್ಯಾಲಿ ಪ್ರಾರ್ಥನೆಗೆ ಬಂದಿರಲಿಲ್ಲ, ಇಷ್ಟು ವರ್ಷದಲ್ಲಿ ಅದೇ ಮೊದಲು ಎಂದು ಪಾದ್ರಿ ಹೇಳಿದರು.

ಶೋಧನಾ ವಾರಂಟಿಗೆ 3.50ಕ್ಕೆ ಸಹಿ ಬಿತ್ತು. 4.20ಕ್ಕೆ ಟ್ಯಾಲಿ ಮನೆಯ ಬಾಗಿಲು ತಟ್ಟಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಎತ್ತರದ ಮುದುಕ ಬಾಗಿಲು ತೆರೆದರು.

"ಬನ್ನಿ. ಕಾಫಿ ಇದೆ."

"ಬೇಡ ಸಾರ್. ಭಾನುವಾರ ಬೆಳಿಗ್ಗೆ ಎಲ್ಲಿದ್ರಿ?"

"ನಾನು ಎಲ್ಲಿದ್ದೆ ಅಂತ ಗೊತ್ತಿದ್ದೇ ತಾನೆ ಬಂದಿರೋದು?"

"ನಿಮ್ಮ ಬಾಯಿಂದ ಕೇಳಬೇಕು. ಹೇಳದೆ ಇರೋ ಹಕ್ಕೂ ನಿಮಗಿದೆ. ವಕೀಲರು ಬೇಕಂದ್ರೆ ಕರೆಸ್ತೀವಿ."

"ವಕೀಲರು ಯಾಕಮ್ಮ? ಕ್ಲಿನಿಕ್ಕಿನಲ್ಲಿದ್ದೆ. ಗಾಜು ಒಡೆದೆ. ಅದರ ಖರ್ಚು ಎಷ್ಟಾದ್ರೂ ಕೊಡ್ತೀನಿ."

ಕಡತ ಊಟದ ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ ತುಂಬಿಸಿದ ಒಂದು ಅರ್ಜಿ, ಅಂಚೆಯ ಲಕೋಟೆ. ಕಿಟಕಿ ಪಕ್ಕದ ಕುರ್ಚಿಯ ಮೇಲೆ ಮರದ ಪುಟ್ಟ ಪೆಟ್ಟಿಗೆ. ಬೀಲರ್ ಅದನ್ನು ನೋಡಿ ತಲೆಯ ಟೋಪಿ ತೆಗೆದ. ಅದರಲ್ಲಿರುವುದು ಮಗನ ಚಿತಾಭಸ್ಮ ಎಂದು ಯಾರೂ ಹೇಳಬೇಕಿರಲಿಲ್ಲ.

"ಇವನನ್ನ ಎಲ್ಲಿ ಮಲಗಿಸಲಿ ಹೇಳಿ," ಎಂದರು ಟ್ಯಾಲಿ. "ಸೈನಿಕರ ಸ್ಮಶಾನದಲ್ಲಿ ನನಗೆ ಜಾಗ ಇದೆ. ಇವನಿಗಿಲ್ಲ ಅಂತ ಬರೆದು ಕಳಿಸಿದ್ರು. ಓಡಿಹೋದವನು ಅಂತ 2009ರಲ್ಲಿ ಗೌರವವಿಲ್ಲದ ಷರಾ ಹಾಕಿ ಸೈನ್ಯದಿಂದ ಹೊರಗೆ ಕಳಿಸಿದ್ರು. ಆ ಷರಾ ನೋಡಿ ಯಾರೂ ಕೆಲಸ ಕೊಡಲಿಲ್ಲ. ಸೈನಿಕರ ಆಸ್ಪತ್ರೆಯವರೂ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ರು. ಮೆಂಫಿಸ್‌ನಲ್ಲಿ ಕಾರಲ್ಲೇ ಇದ್ದ, ನ್ಯುಮೋನಿಯಾ ಆಗಿ ಕಾರಲ್ಲೇ ಸತ್ತ."

"ಈ ಅರ್ಜಿ?"

"ಷರಾ ಬದಲಾಯಿಸಿ ಅಂತ. ಅವನು ಹೇಡಿಯಾಗಿರಲಿಲ್ಲ, ಮನಸ್ಸಿಗೆ ಕಾಯಿಲೆ ಇತ್ತು ಅಂತ ತೋರಿಸಿದ್ರೆ ಬದಲಾಯಿಸ್ತಾರೆ. ಹದಿನೈದು ವರ್ಷದೊಳಗೆ ಕೇಳಬೇಕು. ಬರೋ ಮಂಗಳವಾರಕ್ಕೆ ಹದಿನೈದು ವರ್ಷ ತುಂಬತ್ತೆ. ಆಮೇಲೆ ಇನ್ನೊಂದು ಮಂಡಳಿ ಇದೆಯಂತೆ, ಅಲ್ಲಿ ವರ್ಷಗಟ್ಟಲೆ ಹಿಡಿಯತ್ತಂತೆ. ನನ್ನ ಹತ್ರ ಅಷ್ಟು ವರ್ಷ ಎಲ್ಲಿದೆ?"

"ಕಡತ ಸಿಕ್ಕಿ ಎರಡು ದಿನ ಆಯ್ತು. ಯಾಕೆ ಇನ್ನೂ ಕಳಿಸಿಲ್ಲ?"

ಮುದುಕರು ಕಡತವನ್ನು ಅವರತ್ತ ಸರಿಸಿದರು. "ಮೊದಲನೇ ಪುಟ ದಾಟೋಕೆ ಆಗಲಿಲ್ಲ," ಎಂದರು.

ಪ್ರೂಯಿಟ್ ಕೈಗವಸು ತೊಟ್ಟು ಕಡತ ತೆರೆದರು. ಮಹಜರಿಗಾಗಿ ಪುಟ ಎಣಿಸಲೇಬೇಕಿತ್ತು. ಒಟ್ಟು ಹನ್ನೊಂದು. ಮೊದಲನೆಯದು ಕ್ಲಿನಿಕ್ಕಿನ ದೂರವಾಣಿ ಟಿಪ್ಪಣಿ.

'4 ಜೂನ್ 2009, ಬೆಳಿಗ್ಗೆ 10.15. ರೋಗಿಯ ತಂದೆಯಿಂದ ಕರೆ. ಮಗನಿಗೆ ಕಾಯಿಲೆ ಇಲ್ಲ, ಯುದ್ಧಕ್ಕೆ ಮರಳಲು ಹೆದರಿ ನಟಿಸುತ್ತಿದ್ದಾನೆ ಎಂದರು. ನಿದ್ದೆ ಇಲ್ಲದಿರುವುದು, ಕಿವಿಯಲ್ಲಿ ಸದ್ದು ಕೇಳುವುದು, ಎರಡು ಬಾರಿ ಸಾಯಲು ಯತ್ನಿಸಿದ್ದು ಹಿಂದಿನ ಭೇಟಿಯಲ್ಲಿ ದಾಖಲಾಗಿದೆ ಎಂದು ತಿಳಿಸಿದೆ. ತಂದೆ ಫೋನನ್ನು ಮಗನಿಗೆ ಕೊಟ್ಟರು. ಮುಂದಿನ ಭೇಟಿ ಬೇಡ ಎಂದು ಮಗ ಹೇಳಿದ. ಅಳುತ್ತಿದ್ದ.'

ಪ್ರೂಯಿಟ್ ಅದನ್ನು ಎರಡು ಸಲ ಓದಿದರು.

"ಇದಾಗಿ ಹದಿನೈದು ದಿನಕ್ಕೆ ಸೈನ್ಯ ಬಿಟ್ಟು ಓಡಿಹೋದ," ಎಂದರು ಟ್ಯಾಲಿ. "ಸೈನ್ಯಕ್ಕೆ ಗೊತ್ತಾಗಬಾರದು ಅಂತ ಕದ್ದುಮುಚ್ಚಿ ಈ ಡಾಕ್ಟರ ಹತ್ರ ಹೋಗ್ತಿದ್ದ. ನನಗೆ ಗೊತ್ತಾಯ್ತು. ಟ್ಯಾಲಿ ಮನೆತನದಲ್ಲಿ ಹುಚ್ಚರಿಲ್ಲ ಅಂದೆ. ಫೋನ್ ಕೊಟ್ಟು, ನೀನೇ ಬಾಯಿ ಬಿಟ್ಟು ಬೇಡ ಅನ್ನು ಅಂದೆ. ಅಂದ."

"ಈ ಹಾಳೆ ಹರಿದು ಒಲೆಗೆ ಹಾಕಬಹುದಿತ್ತು ನೀವು."

"ಹಾಕಿದ್ರೆ ಉಳಿಯೋದೇನು? ಓಡಿಹೋಗೋಕೆ ಮುಂಚೇನೇ ಕಾಯಿಲೆ ಇತ್ತು, ಚಿಕಿತ್ಸೆ ಯಾಕೆ ನಿಂತಿತು ಅನ್ನೋದು ಅದರಲ್ಲೇ ಇರೋದು. ಅದಕ್ಕೇ ಮೇಲೆ ಇದ್ದ ಹಾಗೇ ಬಿಟ್ಟೆ."

ಪ್ರೂಯಿಟ್ ಕಡತವನ್ನು ಸಾಕ್ಷ್ಯದ ಚೀಲಕ್ಕೆ ಹಾಕಲು ಎತ್ತಿದರು. ಟ್ಯಾಲಿ ಥಟ್ಟನೆ ಅದರ ಮೇಲೆ ಕೈಯೂರಿದರು.

"ಮಂಗಳವಾರದ ತನಕ ಬಿಡಿ. ಆಮೇಲೆ ನನ್ನನ್ನ ಎಷ್ಟು ವರ್ಷ ಬೇಕಾದ್ರೂ ಒಳಗೆ ಹಾಕಿ. ನಿಮ್ಮ ಕಾಲಿಗೆ ಬೀಳ್ತೀನಮ್ಮ."

ಅವರು ನಿಜಕ್ಕೂ ಬಗ್ಗುತ್ತಿದ್ದರು. ಬೀಲರ್ ಓಡಿ ಬಂದು ತೋಳು ಹಿಡಿದ. "ಬೇಡ ಸಾರ್ಜೆಂಟ್. ದಯವಿಟ್ಟು."

"ಕಡತ ಬಿಟ್ಟು ಹೋಗೋಕೆ ನನಗೆ ಅಧಿಕಾರ ಇಲ್ಲ," ಎಂದರು ಪ್ರೂಯಿಟ್. ಆಮೇಲೆ ಚೀಲಕ್ಕೆ ಮೊಹರು ಹಾಕುತ್ತಾ, ಮುಖ ಎತ್ತದೆಯೇ ಹೇಳಿದರು: "ಕೇಸು ಮುಗಿಯೋವರೆಗೂ ಇದು ಠಾಣೆಯ ಕಪಾಟಿನಲ್ಲಿರತ್ತೆ. ಯಾವ ಲಾರಿನೂ ಇದನ್ನ ಮುಟ್ಟೋಹಾಗಿಲ್ಲ. ದಾಖಲೆ ಪೊಲೀಸರ ವಶದಲ್ಲಿದೆ, ಆಮೇಲೆ ಕೊಡ್ತೀನಿ ಅಂತ ಬರೆದು, ಕೇಸಿನ ನಂಬರ್ ಹಾಕಿ ಅರ್ಜಿ ಕಳಿಸಬಹುದು. ನವೆಂಬರ್ 12ಕ್ಕೆ ಕೋರ್ಟಿನ ಪತ್ರ ಸಿಕ್ಕರೆ ಕಾನೂನು ಪ್ರಕಾರನೇ ಕಡತ ಕೇಳಬಹುದು."

ಟ್ಯಾಲಿ ಕಣ್ಣು ಒರೆಸಿಕೊಂಡರು. "ಕೇಸು ಎಷ್ಟು ದಿನ ನಡೆಯತ್ತೆ?"

"ನಾಳೆ ಜಡ್ಜ್ ಮುಂದೆ ತಪ್ಪು ಒಪ್ಕೊಂಡ್ರೆ ನಾಳೆಯೇ ಮುಗಿಯತ್ತೆ. ಕಡತ ಕ್ಲಿನಿಕ್ಕಿಗೆ ವಾಪಸ್. ಶುಕ್ರವಾರ ಚೂರು."

"ಮಾಡಿದ್ದು ನಾನೇ. ಒಪ್ಕೊಳ್ದೆ ಇರೋದು ಹೇಗೆ?"

"ಅದನ್ನ ವಕೀಲರನ್ನ ಕೇಳಿ. ಇಷ್ಟು ಹೇಳಿದ್ದೇ ನನಗೆ ಹೆಚ್ಚಾಯ್ತು."

ಸಂಜೆ 5.05ಕ್ಕೆ ಬಂಧನ ದಾಖಲಾಯಿತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆರೋಪಿಗಳ ಪರ ವಾದಿಸಲು ಸರ್ಕಾರ ನೇಮಿಸಿದ ವಕೀಲೆಯೊಬ್ಬಳು ಬಂದು ಅರ್ಧ ಗಂಟೆ ಅವರ ಜೊತೆ ಮಾತಾಡಿದಳು. ಟ್ಯಾಲಿ ಜೊತೆಗೆ ತಂದಿದ್ದ ಅರ್ಜಿಯ ಕೊನೆಗೆ ಕೇಸಿನ ನಂಬರ್ ಬರೆಸಿ, ಸಹಿ ಹಾಕಿಸಿ, ಲಕೋಟೆಯನ್ನು ತಾನೇ ಅಂಚೆಗೆ ಒಯ್ದಳು.

9.45ಕ್ಕೆ ಕೋರ್ಟಿನಲ್ಲಿ ಹೆಸರು ಕೂಗಿದರು. ಟ್ಯಾಲಿ ಎದ್ದು ಕವಾಯತಿನಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತರು. ಆರೋಪ ಓದಿದ ನ್ಯಾಯಾಧೀಶರು ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದರು. ಹಿಂದಿನ ಬೆಂಚಿನಲ್ಲಿ ಪ್ರೂಯಿಟ್ ಕೂತಿದ್ದರು. ಮಗನನ್ನು ನಾಟಕದವನು ಎಂದು ಜರೆದಿದ್ದ ಈ ಮನುಷ್ಯನಿಂದ ಒಂದು ಸುಳ್ಳು ಹೊರಬೀಳುತ್ತದೆಯೋ ಇಲ್ಲವೋ ಎಂದು ಅವರಿಗೆ ಖಾತ್ರಿ ಇರಲಿಲ್ಲ.

"ಇಲ್ಲ," ಎಂದರು ಟ್ಯಾಲಿ ಕೊನೆಗೆ. "ನಾನು ತಪ್ಪು ಮಾಡಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವರು ಅಳುತ್ತಿದ್ದರು. ಮುಂದಿನ ವಿಚಾರಣೆಯನ್ನು ನ್ಯಾಯಾಧೀಶರು ನವೆಂಬರ್ 12 ಕಳೆದು ಮೂರು ವಾರಕ್ಕೆ, ಡಿಸೆಂಬರ್ 3ಕ್ಕೆ ಇಟ್ಟರು.