ಕೈ ಬಿಡ್ರಿ, ಅನುಸೂಯಾಬಾಯಿ

ಮಚ್ಛೇಂದ್ರ ಅವರ ಕೈ ನಾ ಮೊದಲ ಸಲ ಹಿಡಿದದ್ದು ಸಿಟ್ಟಿಲೆ. ಪ್ರೀತಿ ಗೀತಿ ಏನೂ ಇರಲಿಲ್ಲ, ಖರೇ ಹೇಳ್ತೇನಿ.

ಆ ವರ್ಷ ಭಾಲ್ಕಿ ಕಡಿ ಬಾವಿ, ಬೋರು ಎಲ್ಲಾ ಬತ್ತಿ ಹೋಗಿದ್ವು. ದುಡಿಯೋ ವಯಸ್ಸಿನೋರು ಮನಿಗಿ ಕೀಲಿ ಹಾಕಿ, ಗಂಟುಮೂಟಿ ಕಟ್ಕೊಂಡು ಹೈದ್ರಾಬಾದ, ಪುಣೆ ಬಸ್ ಹತ್ತಿದ್ರು. ಇನ್ನ ನೀರಿನ ಟ್ಯಾಂಕರ್ ಬಂತಂದ್ರ ಕೊಡ ಹಿಡ್ಕೊಂಡು ಓಡೋರು ಯಾರು? ನಮ್ಮಂಥ ಅರವತ್ತು ದಾಟಿದೋರು. ಪೈಪಿನ ಸುತ್ತ ಕೆಸರು, ಮ್ಯಾಲ ನೂಕಾಟ. ನಾ ಜಾರಿ ಬಿದ್ದೆ, ಮಣಿಕಟ್ಟು ಮುರೀತು. ನಾ ಕೆಳಗ ಬಿದ್ದು ಒದ್ದಾಡ್ಲತ್ತಿದ್ರ ನನ್ನ ಪಾಳಿ ನೀರು ಬ್ಯಾರೇದೋರು ತುಂಬ್ಕೊಂಡು ಹೋದ್ರು. ಆ ಸಿಟ್ಟು ನನಗ ಇನ್ನಾ ಇಳಿದಿಲ್ಲ.

ಪ್ಲಾಸ್ಟರ್ ತೆಗೆದ ಮ್ಯಾಲೂ ಅಂಜಿಕಿ ಹೋಗ್ಲಿಲ್ಲ. ಮನಿ ಒಳಗೂ ಗ್ವಾಡಿ ಹಿಡಿದೇ ನಡೀತಿದ್ದೆ. ಡಾಕ್ಟರ್ ಅಂದ್ರು, "ಸಮುದಾಯ ಭವನದಾಗ ಒಂದು ಕ್ಲಾಸ್ ಅದ, ಹೋಗ್ರಿ. ವಯಸ್ಸಾದೋರಿಗಿ ಬೀಳದಂಗ ನಿಲ್ಲೋದು ಕಲಿಸ್ತಾರ."

"ನಿಲ್ಲೋದು ಕಲೀಲಿಕ್ಕೆ ನಾ ಏನು ತೊಟ್ಟಲ ಕೂಸೇನ್ರಿ?" ಅಂತ ಕೇಳಿದೆ. ನಾ ಔರಾದ ತಾಲೂಕಿನ ಎಕಂಬಾದಾಕಿ, ಭಾಲ್ಕಿಗಿ ಸೊಸಿಯಾಗಿ ಬಂದಾಕಿ, ಬಾಯಿ ಸುಮ್ನಿರಂಗಿಲ್ಲ. ಆದ್ರೂ ಹೋದೆ.

ಕಲಿಸೋ ಹುಡುಗಿ ಮುನವ್ವರ ಬೇಗಂ, ಬೀದರದಿಂದ ಬರ್ತಿದ್ಲು. ಫಿಜಿಯೋಥೆರಪಿ ಓದಿದಾಕಿ. ದುಪಟ್ಟಾ ಸೊಂಟಕ್ಕ ಬಿಗಿದು, ನೆಲದ ಮ್ಯಾಲ ಸೀಮೆಸುಣ್ಣದಿಂದ ಉದ್ದಕ ಗೆರಿ ಹೊಡೆದಿದ್ಲು. ಕುರ್ಚಿಯಿಂದ ಕೈ ಊರದೇ ಏಳ್ರಿ ಅಂತಿದ್ಲು. ಗೆರಿ ಮ್ಯಾಲ ಹಿಮ್ಮಡಿಗಿ ಬೆರಳು ಹಚ್ಚಿ ನಡೀರಿ ಅಂತಿದ್ಲು. ಕಡೀಕ, "ಈಗ ಒಂದು ಕಾಲ ಮ್ಯಾಲ ನಿಲ್ರಿ!"

"ಸಾಲ್ಯಾಗ ಮಾಸ್ತರು ಹಿಂಗೇ ನಿಲ್ಲಸ್ತಿದ್ರು. ಈಗ ನಾ ಏನ್ ತಪ್ಪ ಮಾಡೇನವ್ವಾ?" ಅಂದ್ಲು ನಮ್ಮ ಓಣಿ ಶಾಂತಾಬಾಯಿ. ಎಲ್ಲರೂ ನಕ್ಕರು. ನಗೋದ್ರಾಗೇ ಅರ್ಧ ಮಂದಿ ತೂಗಾಡಿ ಕುರ್ಚಿ ಹಿಡಕೊಂಡ್ರು.

"ಜೋಡಿ ಮಾಡ್ತೇನಿ. ಜರಾ ಗಟ್ಟಿ ಇದ್ದೋರು ತೂಗಾಡೋರ ಕೈ ಹಿಡೀರಿ," ಅಂದು ಮುನವ್ವರ ನನ್ನ ಮುಂದ ಒಬ್ಬ ಎತ್ತರದ ಮನುಷ್ಯನ್ನ ತಂದು ನಿಲ್ಲಿಸಿದ್ಲು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣಗಿ ಹೊಡೆದ ಬೆಳ್ಳನ ಕೂದಲು. ಹೆಸರು ಮಚ್ಛೇಂದ್ರ, ಊರು ಖಟಕ ಚಿಂಚೋಳಿ, ಬಸ್ ಕಂಡಕ್ಟರ್ ಆಗಿ ರಿಟೈರ್ ಆದೋರು. ಬಚ್ಚಲದಾಗ ಜಾರಿ ಬಿದ್ದಿದ್ರಂತ.

ಗಂಡಸರ ಕೈ ನಾ ಹಿಡೀಬೇಕೇನು? ನಮ್ಮ ಮನಿಯವರು ತೀರಿ ಹೋಗಿ ಎಷ್ಟೋ ವರ್ಷ ಆಗಿತ್ತು. ನನ್ನ ಮಾರಿ ಕೆಂಪಾತು. ಬ್ಯಾಡ ಅನ್ನೋದ್ರಾಗ ಅವರು ಎಡಕ್ಕ ವಾಲಿದ್ರು. ಥಟ್ಟನೆ ಹಿಡಿದೆ, ಹಿಡಿದು ಬೈದೆ.

"ಜೀವನ ಪೂರಾ ಬಸ್ಸಿನಾಗ ನಿಂತೋರು, ನೆಲದ ಮ್ಯಾಲ ನಿಲ್ಲಲಿಕ್ಕೆ ಬರಂಗಿಲ್ಲೇನ್ರಿ?"

"ಏನ್ ಮಾಡ್ಲಿರಿ ಬಾಯಿ? ಆವಾಗ ಬಸ್ ಅಲುಗಾಡ್ತಿತ್ತು, ನಾ ನಿಂತಿದ್ದೆ. ಈಗ ನೆಲ ನಿಂತದ, ನಾ ಅಲುಗಾಡ್ಲತ್ತೇನಿ," ಅಂದು ಕಣ್ಣಿನ ತುದಿಲೆ ನೋಡಿದ್ರು. ಆ ನೋಟದಾಗ ಒಂಚೂರೂ ಅಂಜಿಕಿ ಇರಲಿಲ್ಲ. ಆವಾಗೇ ನನಗ ತಿಳೀಬೇಕಿತ್ತು.

ವಾರಕ್ಕ ಎರಡು ಸಲ ಕ್ಲಾಸ್. ನನ್ನ ಕಾಲಿಗಿ ಜೀವ ಬಂತು. ಗ್ವಾಡಿ ಬಿಟ್ಟೆ, ರೋಡ್ ದಾಟಿದೆ, ಸಣ್ಣ ಕೊಡ ಎತ್ತಿದೆ. ಮುನವ್ವರಳ ಪದ್ಧತಿ ಹಿಂಗಿತ್ತು: ಮೊದಲು ಪೂರಾ ಕೈ ಹಿಡೀಬೇಕು, ಆಮ್ಯಾಲ ಎರಡೇ ಬೆರಳು, ಆಮ್ಯಾಲ ಒಂದು, ಕಡೀಕ ಏನೂ ಇಲ್ಲ. "ಹಿಡಕೊಂಡೇ ಇದ್ರ ಕಾಲು ಕಲಿಯಂಗಿಲ್ಲ," ಅಂತಿದ್ಲು. ಎಲ್ಲಾ ಜೋಡಿ ಮುಂದ ಹೋದ್ವು. ನಮ್ಮ ಕಂಡಕ್ಟರ್ ಸಾಹೇಬರು ಮಾತ್ರ ಪೂರಾ ಕೈ ಹತ್ರಾನೇ ನಿಂತ್ರು. ಎರಡು ಬೆರಳಿಗಿ ಬಂದ್ರ ಸಾಕು, "ಅಯ್ಯಯ್ಯೋ" ಅಂತ ವಾಲ್ತಿದ್ರು, ಬರೋಬ್ಬರಿ ನನ್ನ ಕಡಿಗೇ.

"ಕೈ ಬಿಡ್ರಿ, ಅನುಸೂಯಾಬಾಯಿ!" ಅಂತ ಮುನವ್ವರ ಆ ಕಡಿಂದ ಒದರ್ತಿದ್ಲು.

"ಹಿಡಿದ ಕೈ ಆಕಿ ಹ್ಯಾಂಗ ಬಿಡ್ತಾಳಮ್ಮಾ? ನಮ್ಮಾಗ ಕೈ ಹಿಡಿಯೋದಂದ್ರ ಲಗ್ನ," ಅಂತ ಶಾಂತಾಬಾಯಿ. ಮತ್ತ ನಗಿ. ಮಚ್ಛೇಂದ್ರ ಅವರು ಮ್ಯಾಲ ಛತ್ ನೋಡ್ಕೊಂತ ನಿಂತ್ರ, ಮೀಸಿ ಕೆಳಗ ನಗು ಅಡಗಿರ್ತಿತ್ತು.

"ನಗ್ಲತ್ತೀರೇನು?"

"ಇಲ್ರೀ. ಬ್ಯಾಲೆನ್ಸ್ ಮಾಡ್ಲತ್ತೇನಿ."

"ಮೀಸಿದೇನು ಬ್ಯಾಲೆನ್ಸು?"

"ನೀವು ಹಿಂಗ ಸಿಟ್ಟಿಲೆ ನೋಡಿದ್ರ ಮೀಸಿನೂ ಅಲುಗಾಡ್ತದ್ರಿ."

ಅಂಥ ಮಾತಿಗಿ ಏನಂತ ಬೈಬೇಕು ಹೇಳ್ರಿ! ಮನಿಗಿ ಬಂದು ಕೌದಿ ಹೊಲೀಲಿಕ್ಕೆ ಕೂತ್ರ ಹೊಲಿಗಿ ಸೊಟ್ಟಗ ಹೋಗ್ತಿತ್ತು. ಅವರ ಕೈ ಬೆಚ್ಚಗ, ಒರಟು, ಗಟ್ಟಿ. ಆ ಕೈ ನನಗ ಬೇಕಂತ ಅನಸ್ತಿತ್ತು. ಈ ವಯಸ್ಸಿನಾಗ ಇದೇನು ಫಜೀತಿ ಅಂತ ನನ್ನ ಮ್ಯಾಲೇ ಸಿಟ್ಟು ಬರ್ತಿತ್ತು.

ಒಂದಿನ ಗೆರಿ ಮ್ಯಾಲ ನಡೀತಾ ಸಣ್ಣ ದನೀಲೆ ಅಂದ್ರು, "ಮಗ ಬರ್ಲತ್ತಾನ್ರಿ. ಏಕನಾಥ. ಹೈದ್ರಾಬಾದದಾಗ ಗೌಂಡಿ ಕೆಲಸ. ಸೊಸಿ, ಮೊಮ್ಮಕ್ಕಳನ್ನ ಮೊದಲೇ ಕರ್ಕೊಂಡು ಹೋಗ್ಯಾನ. ಇಲ್ಲಿ ಮನಿಗಿ ನೀರಿಲ್ಲ, ನಿನಗ ನಿಲ್ಲಲಿಕ್ಕೆ ಬರಂಗಿಲ್ಲ, ನೀ ಒಬ್ಬನೇ ಹ್ಯಾಂಗ ಇರ್ತಿ ಅಂತಾನ. ಆದಿತ್ಯವಾರ ಮುನವ್ವರ ಮುಂದ ನಡೆಸಿ ನೋಡ್ತಾನಂತ. ಆಗ್ಲಿಲ್ಲಂದ್ರ ಅದೇ ಸಂಜಿಗಿ ಕರ್ಕೊಂಡು ಹೋಗ್ತಾನ."

"ನಿಮಗ ಹೋಗೋ ಮನಸ್ಸದ ಏನು?"

"ಇಲ್ರೀ," ಅಂದ್ರು. ಮೀಸಿ ಕೆಳಗ ಅವತ್ತು ನಗು ಇರಲಿಲ್ಲ.

ಅವತ್ತು ನನಗ ರೊಟ್ಟಿ ಗಂಟಲಾಗ ಇಳೀಲಿಲ್ಲ. ಪಾಪ, ಕಾಲಾಗ ಬಲ ಇಲ್ಲ, ಇವರೇನು ಮಾಡ್ತಾರ ಅಂತ ಮರುಗಿದೆ. ಮರುದಿನ ಖಟಕ ಚಿಂಚೋಳ್ಯಾಗ ಒಬ್ಬರಿಗಿ ಕೌದಿ ಕೊಡೋದಿತ್ತು. ಮಧ್ಯಾಹ್ನದ ಬಸ್ಸಿನಾಗ ಹಿಂದಿನ ಸೀಟಿನಾಗ ಕುಂತೆ. ಬಸ್ ಫುಲ್. ಹೊರಡೋ ಹೊತ್ತಿಗಿ ಮುಂದಿನ ಬಾಗಿಲಿಂದ ಜಿಗಿದು ಹತ್ತಿದ್ರು ನಮ್ಮ ಮಚ್ಛೇಂದ್ರ ಸಾಹೇಬರು!

ರೋಡಂದ್ರ ರೋಡೇನು, ಬರೀ ತೆಗ್ಗು. ಸೀಟಿನ್ಯಾಗ ಕುಂತ ನಮಗೇ ಎಲುಬು ಕಳಚಿದಂಗ ಆಗ್ಲತ್ತಿತ್ತು. ಇವರು ನಡುವ ನಿಂತು, ಮ್ಯಾಲಿನ ರಾಡ್ ಹಿಡೀದೇ, ಎರಡೂ ಕೈಲೆ ಶೇಂಗಾ ಸುಲ್ದು ತಿನ್ಕೊಂತ ಕಂಡಕ್ಟರ್ ಹುಡುಗನ ಜೋಡಿ ಗಪ್ಪಾ ಹೊಡೀಲತ್ತಿದ್ರು. ಡ್ರೈವರ್ ಬ್ರೇಕ್ ಹೊಡೆದ. ಇಡೀ ಬಸ್ ಮುಂದಕ್ಕ ಮುಗ್ಗರಿಸ್ತು. ಇವರ ಕೈಯಾಗಿನ ಒಂದು ಕಾಳೂ ಕೆಳಗ ಬೀಳ್ಲಿಲ್ಲ.

ನನ್ನ ಮೈಯೆಲ್ಲ ಉರೀತು. ಇಷ್ಟು ದಿನ ನಾ ಹಿಡಿದದ್ದು ಯಾವ ಕೈ? ನಿನ್ನಿ ಊಟ ಬಿಟ್ಟು ಮರುಗಿದ್ದು ಯಾರ ಸಲುವಾಗಿ?

ಖಟಕ ಚಿಂಚೋಳ್ಯಾಗ ಇಳಿದ ಕೂಡ್ಲೇ ಹಿಂದಿಂದ ಹೋಗಿ ಅಂದೆ, "ಏನ್ರೀ ಸಾಹೇಬರ, ಕಾಲು ಹ್ಯಾಂಗವ?"

ತಿರುಗಿದ್ರು. ಬಾಯಾಗ ಶೇಂಗಾ ಹಂಗೇ ನಿಂತಿತ್ತು.

"ನಾಟಕ ಮಾಡ್ತೀರಿ? ನನ್ನ ಮುಂದ? ನಾಚಿಕಿ ಆಗಂಗಿಲ್ಲೇನು?"

"ಆಗ್ತದ್ರಿ," ಅಂದ್ರು. "ಮೊದಲ ದಿನ ಖರೇನೇ ವಾಲಿದ್ದೆ. ಎರಡನೇ ವಾರಕ್ಕ ಕಾಲು ಗಟ್ಟಿ ಆದ್ವು. ಗಟ್ಟಿ ಆದೋರ ಜೋಡಿ ಬದಲ್ ಮಾಡ್ತಾರಲ್ಲ, ಅದಕ್ಕ… ನಿಮ್ಮ ಕೈ ಬಿಡ್ಲಿಕ್ಕೆ ಮನಸಾಗ್ಲಿಲ್ರಿ."

ಎದಿ ಧಸಕ್ ಅಂತು. ಆದ್ರ ಸಿಟ್ಟು ಇಳೀಲಿಲ್ಲ, ಇನ್ನಾ ಏರ್ತು. "ನಿಮ್ಮ ಈ ಆಟದಿಂದ ಮಗ ನಿಮ್ಮನ್ನ ಎತ್ತಿಕೊಂಡು ಹೊಂಟಾನಲ್ಲ! ಆದಿತ್ಯವಾರ ನೆಟ್ಟಗ ನಡೆದು ತೋರಸ್ರಿ. ಖರೇ ಹೇಳ್ರಿ."

"ಏನಂತ ಹೇಳ್ಲಿ? ಒಬ್ಬ ಹೆಣ್ಮಗಳ ಕೈ ಹಿಡೀಲಿಕ್ಕೆ ಸುಳ್ಳ ತೂಗಾಡ್ದೆ ಅಂತನಾ? ಶಾಂತಾಬಾಯಿ ಭಾಲ್ಕಿ ಪೂರಾ ಡಂಗುರ ಹೊಡೀತಾಳ. ನಿಮ್ಮ ಹೆಸರು ಕೆಡ್ತದ. ಅದಕ್ಕಿಂತ ನಾ ಸುಮ್ನ ಹೈದ್ರಾಬಾದಕ್ಕ ಹೋಗೋದೇ ಬೇಶ್."

"ನನ್ನ ಹೆಸರು ನನ್ನದು! ಅದನ್ನ ಕಾಯೋ ನೌಕರಿ ನಿಮಗ ಯಾರು ಕೊಟ್ಟಾರ? ನೀವು ರಿಟೈರ್ ಆಗೀರಿ!"

ಬಸ್ ಸ್ಟ್ಯಾಂಡಿನ ಮಂದಿ ತಿರುಗಿ ನೋಡ್ಲತ್ತಿದ್ರು. ನಾ ಕೌದಿ ಬಗಲಾಗ ಇಟ್ಕೊಂಡು ಬರಬರ ನಡೆದುಬಿಟ್ಟೆ.

ಆದಿತ್ಯವಾರ ಬಂತು. ಏಕನಾಥ ಬಾಗಿಲ ಹತ್ರ ಕುಂತಿದ್ದ. ಸಿಮೆಂಟಿಲೆ ಒಡೆದ ಕೈಯಿ, ತಂದಿಯಂಥದೇ ಎತ್ತರ. ಅಪ್ಪನ ಬ್ಯಾಗ್ ಬಾಜೂಕಿತ್ತು. ಮುನವ್ವರ ಅಂದ್ಲು, "ಕುರ್ಚಿಯಿಂದ ಏಳ್ರಿ, ಗೆರಿ ತುದಿ ತನಕ ನಡೀರಿ, ತಿರುಗಿ ಬಂದು ಕೂಡ್ರಿ. ಇಷ್ಟೇ."

ಮಚ್ಛೇಂದ್ರ ಎದ್ದರು. ನನ್ನ ಕಡಿ ನೋಡ್ಲಿಲ್ಲ. ನಾಕು ಹೆಜ್ಜಿ ನೆಟ್ಟಗ ಹೋದ್ರು, ಆಮ್ಯಾಲ ಬೇಕಂತಲೇ ಎಡಕ್ಕ ವಾಲಿದ್ರು. ಏಕನಾಥ ಓಡಿ ಬಂದು ಹಿಡಕೊಂಡ. "ಸಾಕು ಮೇಡಂ. ನಡೀ ಅಪ್ಪಾ," ಅಂದು ಬ್ಯಾಗಿಗಿ ಕೈ ಹಾಕಿದ. ಅವನ ಕಣ್ಣು ತುಂಬಿದ್ವು. ಅದನ್ನ ನೋಡಿ ನನಗ ತಡ್ಕೊಳ್ಳಿಕ್ಕೆ ಆಗ್ಲಿಲ್ಲ.

"ಏ ಏಕನಾಥ, ಬಿಡು ಅವರನ್ನ! ಬೀಳಂಗಿಲ್ಲ ನಿಮ್ಮಪ್ಪ! ನಾಟಕ ಮಾಡ್ಲತ್ತಾರ! ಬ್ರೇಕ್ ಹೊಡೆದ ಬಸ್ಸಿನಾಗ ರಾಡ್ ಹಿಡೀದೇ ಶೇಂಗಾ ತಿಂತಾರ. ನಾ ಕಣ್ಣಾರೆ ನೋಡೇನಿ!"

ಏಕನಾಥ ಬ್ಯಾಗ್ ಹಿಡಿದೇ ನನ್ನ ಕಡಿ ತಿರುಗಿದ.

"ಅನುಸೂಯಾಬಾಯಿ, ಬ್ಯಾಡ್ರಿ…" ಅಂದ್ರು ಮಚ್ಛೇಂದ್ರ.

"ಯಾಕ ಬ್ಯಾಡ? ಇವರು ನನ್ನ ಕೈ ಹಿಡೀಲಿಕ್ಕೆ ತೂಗಾಡ್ಲತ್ತಿದ್ರಂತ. ಈಗ ನನ್ನ ಹೆಸರು ಉಳಸ್ಲಿಕ್ಕೆ ತೂಗಾಡ್ಲತ್ತಾರ. ನನ್ನ ಒಂದು ಮಾತು ಕೇಳ್ಯಾರೇನು? ಕೇಳಿದ್ರ ಹೇಳ್ತಿದ್ದೆ, ನನಗೂ ಆ ಕೈ ಬೇಕಿತ್ತು ಅಂತ! ಶಾಂತಾಬಾಯಿ, ಬರೋಬ್ಬರಿ ಕೇಳಸ್ಕೋ, ಊರಾಗ ತಪ್ಪು ಹೇಳಬ್ಯಾಡ. ನನಗೂ ಬೇಕಿತ್ತು!"

ಶಾಂತಾಬಾಯಿ ಸೆರಗು ಬಾಯಾಗ ತುರುಕ್ಕೊಂಡ್ಲು. ಮುನವ್ವರಳ ಮಾರಿ ಮ್ಯಾಲ ಸಿಟ್ಟೋ ನಗುವೋ ತಿಳೀಲಿಲ್ಲ. "ಅಂಕಲ್, ನಾ ಇಷ್ಟು ದಿನ ನನ್ನ ಕಲಿಸೋದ್ರಾಗೇ ಏನೋ ಕಮ್ಮಿ ಅದ ಅಂತ ತಲಿ ಕೆಡಸ್ಕೊಂಡಿದ್ದೆ! ನಡೀರಿ ಈಗ, ಖರೇ ನಡೀರಿ!"

ನಡೆದ್ರು. ಗೆರಿ ತುದಿ ತನಕ ಹೋಗಿ, ತಿರುಗಿ, ಕೈ ಊರದೇ ಬಂದು ಕುಂತ್ರು. ಏಕನಾಥ ಬ್ಯಾಗ್ ಕೆಳಗಿಟ್ಟ. ಆಮ್ಯಾಲ ನನ್ನ ಕಡಿ ಬಂದ.

"ಕಾಕೂ, ನಡೀತಾರ, ಖರೇ. ಆದ್ರ ಬತ್ತಿದ ಬೋರಿನ ಮನ್ಯಾಗ ಒಬ್ಬರೇ ಹ್ಯಾಂಗ ಇರ್ತಾರ?"

"ಒಬ್ಬರೇ ಯಾಕ? ಭಾಲ್ಕ್ಯಾಗ ನನ್ನ ಮನಿ ಇಲ್ಲೇನು? ಬುದ್ಧ ವಿಹಾರದಾಗ ಎರಡು ಹಾರ ಹಾಕೊಂಡ್ರ ಲಗ್ನ ಮುಗೀತು. ಮಳಿ ಬಂದು ನಿಮ್ಮೂರ ಬೋರಿಗಿ ನೀರು ಬಂದ್ರ ಇಬ್ಬರೂ ಅಲ್ಲಿಗಿ ಬರ್ತೇವಿ."

"ಮಂದಿ ಏನಂತಾರ ಕಾಕೂ?"

"ಮಂದಿ ಟ್ಯಾಂಕರ್ ಹಿಂದ ಓಡ್ಲತ್ತಾರಪ್ಪಾ. ನಿಂತು ಮಾತಾಡ್ಲಿಕ್ಕೆ ಯಾರಿಗಿ ಪುರಸೊತ್ತದ?"

ಏಕನಾಥ ತಂದಿ ಕಡಿ ತಿರುಗಿದ. "ಅಪ್ಪಾ, ನೀ ಏನಂತಿ?"

"ನಾ ಏನನ್ಲೋ? ಈ ಬಾಯಿ ನನಗ ಮಾತಾಡ್ಲಿಕ್ಕೆ ಜಾಗಾ ಬಿಟ್ಟಾರೇನು?" ಅಂದ್ರು ಮಚ್ಛೇಂದ್ರ. "ಹೂಂ ಅಂತೇನಿ. ನೂರು ಸಲ ಹೂಂ ಅಂತೇನಿ."

ಮುನವ್ವರ ಚಪ್ಪಾಳಿ ಹೊಡೆದ್ಲು. "ಲಗ್ನದ ಮಾತು ಆಮ್ಯಾಲ! ಅಂಕಲ್ ಇಷ್ಟು ದಿನ ಕ್ಲಾಸ್ ಮುಳುಗಿಸ್ಯಾರ. ಎಲ್ಲರೂ ಒಂದು ಕಾಲ ಮ್ಯಾಲ, ಏನೂ ಹಿಡೀದೇ!"

ಕುರ್ಚಿ ಬಾಜೂಕ ಇಟ್ಕೊಂಡು ನಿಂತೆವು. ಮಚ್ಛೇಂದ್ರ ಕಾಲು ಎತ್ತಿದ್ರು. ಎತ್ತಿದ ಕೂಡ್ಲೇ ಥರಥರ ತೂಗಾಡಿದ್ರು. ಮಾರಿ ಬೆಳ್ಳಗ ಆತು. ಬಸ್ಸಿನಾಗ ಎರಡು ಕಾಲ ಮ್ಯಾಲ ನಿಂತ ಅಭ್ಯಾಸ, ಒಂದರ ಮ್ಯಾಲ ನಿಲ್ಲೋದು ಅವರು ಕಲಿತೇ ಇರಲಿಲ್ಲ. ಪೂರಾ ನನ್ನ ಕೈಗೇ ಭಾರ ಬಿಟ್ಟಿದ್ರಲ್ಲ!

"ಕೈ ಕೊಡ್ರಿ! ಈ ಸಲ ಖರೇ! ಆಣಿ ಮಾಡ್ತೇನಿ, ಖರೇ ಬೀಳ್ಲತ್ತೇನಿ!"

ನಾ ನನ್ನ ಎರಡೂ ಕೈ ಬೆನ್ನ ಹಿಂದ ಕಟ್ಕೊಂಡೆ. "ಕುರ್ಚಿ ಹಿಡೀರಿ. ನನ್ನ ಜೋಡಿ ಬಾಳ್ವಿ ಮಾಡೋದಿದ್ರ ನಿಮ್ಮ ಕಾಲ ಮ್ಯಾಲ ನಿಲ್ಲೋದು ಕಲೀರಿ. ಇನ್ನೊಮ್ಮೆ ಬಿದ್ದು ಎಲುಬು ಮುರ್ಕೊಂಡ್ರ ನಾ ಸುಮ್ನಿರಂಗಿಲ್ಲ."

ಕುರ್ಚಿ ಹಿಡ್ಕೊಂಡು, ಕಾಲು ಇಳಿಸಿ, ಮತ್ತ ಎತ್ತಿದ್ರು. ಉಸಿರು ಬಿಗಿ ಹಿಡಿದು, ಹುಡುಗರಂಗ ಸಣ್ಣ ಮಾರಿ ಮಾಡಿ ಕೇಳಿದ್ರು, "ಹಂಗಾದ್ರ ಕೈ ಯಾವಾಗ ಹಿಡೀಲಿರಿ?"

"ಕುಂತಾಗ," ಅಂದೆ. "ಕುಂತಾಗ ಎಷ್ಟು ಬೇಕಷ್ಟು ಹಿಡೀರಿ."