ಕಿಟಕಿಯಲ್ಲಿ ಬೀಸಿದ ಕೈ

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಶಾಲೆಯ ಹೆಡ್‌ಮಿಸ್ ಠಾಣೆಗೆ ಬಂದು ದೂರು ಕೊಟ್ಟರು. ಕೊಟ್ಟರು ಅನ್ನುವುದಕ್ಕಿಂತ ಮೇಜಿನ ಮೇಲೆ ಕುಕ್ಕಿದರು ಅನ್ನಬೇಕು. ಊಟದ ಬೆಲ್ಲಿಗೆ ಸ್ವಲ್ಪ ಮೊದಲು ಯಾರೋ ಬೆಂಕಿಯ ಅಲಾರಂ ಒತ್ತಿದ್ದರು. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಮಕ್ಕಳು ಎದ್ದೆನೋ ಬಿದ್ದೆನೋ ಅಂತ ಮೆಟ್ಟಿಲಿಳಿದಿದ್ದರು. ನಾಲ್ಕನೇ ತರಗತಿಯ ಹುಡುಗನೊಬ್ಬ ಬಿದ್ದು ಮಣಿಕಟ್ಟು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

"ಮಾಕ್ ಡ್ರಿಲ್‌ನಲ್ಲಿ ಇಡೀ ವಲಯಕ್ಕೇ ನಮ್ಮದು ಮೊದಲನೇ ಬಹುಮಾನ, ಮೇಡಂ. ಮೂರೇ ನಿಮಿಷಕ್ಕೆ ಶಾಲೆ ಖಾಲಿ. ಅಂಥ ಶಾಲೆಗೆ ಈ ಗತಿ!"

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದಳು.

"ಇನ್ಯಾರು, ಹತ್ತನೇ ತರಗತಿ ಪುಂಡರು. ಇವತ್ತು ಅವರಿಗೆ ಟೆಸ್ಟ್ ಇತ್ತು."

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಬುಲೆಟ್‌ನನ್ನು ಕರೆದುಕೊಂಡು ಜೀಪು ಹತ್ತಿದಳು. ಠಾಣೆಯಲ್ಲಿ ಅವನಷ್ಟು ನಿಧಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಆ ಹೆಸರು ಬಂದಿದ್ದೂ ಅದಕ್ಕೇ.

ಅಲಾರಂ ಪೆಟ್ಟಿಗೆ ಇದ್ದದ್ದು ಎರಡನೇ ಮಹಡಿಯ ಪಡಸಾಲೆಯ ಕೊನೆಗೆ. ಮುಂದಿನ ಗಾಜು ಒಡೆದಿತ್ತು. ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುಮಾಡಿದರೆ, ನೆಲದಲ್ಲಿ ಒಂದು ಚೂರು ಗಾಜಿಲ್ಲ. ಆಯಾ ಇನ್ನೂ ಕಸ ಗುಡಿಸಿರಲಿಲ್ಲ. ಬುಲೆಟ್ ಅಲ್ಲಿ ಇಲ್ಲಿ ತಡಕಾಡಿ, ಮೂಲೆಯ ಕಸದ ಡಬ್ಬಿಯಿಂದ ಒಂದು ಗಂಟು ಎತ್ತಿದ. ಹಳೇ ಬಟ್ಟೆಯ ತುಂಡಿನಲ್ಲಿ ಚೂರುಗಳನ್ನೆಲ್ಲ ಸುತ್ತಿ ಕಟ್ಟಿತ್ತು.

"ಒಳ್ಳೇ ಪುಂಡ ಕಣ್ರೀ ಇವನು, ಮಕ್ಕಳ ಕಾಲಿಗೆ ಚುಚ್ಚೀತು ಅಂತ ಗಾಜು ಆರಿಸಿಟ್ಟು ಹೋಗಿದ್ದಾನೆ," ಅಂದ.

ಇನ್ಸ್‌ಪೆಕ್ಟರ್ ನಗಲಿಲ್ಲ. ಕಿಡಿಗೇಡಿಯಾದವನು ಒತ್ತಿ ಓಡಬೇಕು. ಇವನು ಎಲ್ಲರೂ ಇಳಿದುಹೋದ ಮೇಲೂ ಇಲ್ಲೇ ಇದ್ದು, ಸಾವಧಾನವಾಗಿ ಕೂತು ಗಾಜು ಹೆಕ್ಕಿದ್ದಾನೆ. ಹತ್ತನೇ ತರಗತಿಯವರೋ, ಆ ಹೊತ್ತಿಗೆ ಕೆಳಗಿನ ಹಾಲ್‌ನಲ್ಲಿ ಮೇಷ್ಟ್ರ ಕಣ್ಣೆದುರೇ ಟೆಸ್ಟ್ ಬರೀತಿದ್ದರು. ಪಾಪ, ಸುಮ್ಮನೆ ಅವರ ಮೇಲೆ ಗೂಬೆ.

ವಾಚ್‌ಮನ್ ಎದೆ ಮುಟ್ಟಿಕೊಂಡು ಹೇಳಿದ. "ಹೊರಗಿನೋರು ಒಂದು ನರಪಿಳ್ಳೆ ಒಳಗೆ ಬಂದಿಲ್ಲ, ಮೇಡಂ."

ಮೇಲಿನ ತರಗತಿಗಳ ಟೀಚರುಗಳದ್ದೂ ಒಂದೇ ಮಾತು. "ಮೈದಾನದಲ್ಲಿ ಎಣಿಸಿದ್ವಿ. ಎಲ್ಲಾ ಮಕ್ಕಳೂ ಇದ್ರು. ಮೇಲೆ ಯಾರೂ ಇರಲಿಲ್ಲ."

ಎಲ್ಲರೂ ಕೆಳಗೆ, ಗಾಜು ಹೆಕ್ಕಿದವನು ಮಾತ್ರ ಮೇಲೆ. ಎರಡು ದಿನ ತಲೆ ಕೆರೆದುಕೊಂಡರೂ ಲೆಕ್ಕ ಹೊಂದಲಿಲ್ಲ. ಗುರುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಹೆಡ್‌ಮಿಸ್‌ಗೆ ಹೇಳಿದಳು. "ಮಕ್ಕಳಿಗೆ ಮೊದಲೇ ತಿಳಿಸಿ, ನಿಧಾನಕ್ಕೆ ಇನ್ನೊಂದು ಸಲ ಇಳಿಸಿ. ಅವತ್ತು ಹೇಗೆ ಮಾಡಿದ್ರೋ ಹಾಗೇ. ನಾನು ಮೇಲೇ ಇರ್ತೀನಿ."

ಗಂಟೆ ಹೊಡೆಯಿತು. ಸಾಲು ಸಾಲಾಗಿ ಮಕ್ಕಳು ಇಳಿದರು. ನಿಜಕ್ಕೂ ಅಚ್ಚುಕಟ್ಟು, ಮೆಚ್ಚಬೇಕಾದ್ದೇ. ಪಡಸಾಲೆ ಖಾಲಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಪಕ್ಕದ ತರಗತಿಯಿಂದ ಯಾರೋ ಕೂಗಿದರು.

"ಆಂಟೀ, ನಿಮಗೂ ಇಳಿಯೋಕೆ ಆಗಲ್ವಾ?"

ಇನ್ಸ್‌ಪೆಕ್ಟರ್ ಬಾಗಿಲಲ್ಲಿ ಇಣುಕಿದಳು. ಒಳಗೆ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಎಂಟೊಂಬತ್ತು ವರ್ಷದ ಹುಡುಗಿ ಕೂತಿತ್ತು. ಸಣಕಲು ಕಾಲಿಗೆ ಕಬ್ಬಿಣದ ಪಟ್ಟಿ.

"ನೀನ್ಯಾಕೆ ಇಳಿಲಿಲ್ಲ, ಪುಟ್ಟಿ?"

"ನಾನು ಡ್ರಿಲ್‌ಗೆ ಇಳಿಯಲ್ಲ. ನನ್ನ ಎತ್ತಿಕೊಂಡು ಇಳಿದ್ರೆ ಲೇಟಾಗುತ್ತೆ, ಬಹುಮಾನ ತಪ್ಪುತ್ತೆ. ನಾನು ಕೈ ಬೀಸ್ತೀನಿ. ನೋಡಿ ಈಗ."

ಕೆಳಗೆ ಮೈದಾನದಲ್ಲಿ ಕ್ಲಾಸ್ ಟೀಚರ್ ಸಾಲು ಎಣಿಸಿ ತಲೆಯೆತ್ತಿದರು. ಹುಡುಗಿ ಕಿಟಕಿಯಿಂದ ಜೋರಾಗಿ ಕೈ ಬೀಸಿತು. "ಮೂವತ್ತೆರಡು, ಎಲ್ಲರೂ ಬಂದಾಯ್ತು!" ಅಂತ ಟೀಚರ್ ಕೂಗಿದ್ದು ಮೇಲಿನವರೆಗೂ ಕೇಳಿಸಿತು.

ಅಯ್ಯೋ ದೇವರೇ, ಅನ್ನಿಸಿತು ಇನ್ಸ್‌ಪೆಕ್ಟರಿಗೆ.

"ಮಂಗಳವಾರಾನೂ ಕೈ ಬೀಸಿದ್ಯಾ?"

"ಹೂಂ. ಬೀಸಿ ಬೀಸಿ ಕೈ ನೋವು ಬಂತು. ತಾತ ಪಕ್ಕದಲ್ಲೇ ಇದ್ರು. ಯಾರಾದ್ರೂ ಬರ್ತಾರೇನೋ ನೋಡೋಣ ಇರು ಅಂದ್ರು. ಯಾರೂ ಬರಲಿಲ್ಲ. ಆಮೇಲೆ ತಾತಾನೇ ಎತ್ತಿಕೊಂಡು ಇಳಿಸಿದ್ರು."

ಹೇಳಬಾರದ್ದನ್ನು ಹೇಳಿದೆ ಅಂತ ಆ ಮಗುವಿಗೆ ಗೊತ್ತೇ ಇರಲಿಲ್ಲ. ಕೇಸು ಬಿಡಿಸಿದ ಖುಷಿ ಇನ್ಸ್‌ಪೆಕ್ಟರಿಗೆ ಎಳ್ಳಷ್ಟೂ ಆಗಲಿಲ್ಲ.

ಗೇಟಿನಲ್ಲಿ ಬುಲೆಟ್ ವಾಚ್‌ಮನ್‌ನನ್ನು ತರಾಟೆಗೆ ತೆಗೆದುಕೊಂಡ. "ಯಾರೂ ಬಂದಿಲ್ಲ ಅಂದ್ಯಲ್ಲಯ್ಯಾ?"

"ತಾತ ಬಂದಿದ್ರು, ಮಗುವಿನ ನೀರಿನ ಬಾಟ್ಲಿ ಕೊಡೋಕೆ. ಆದ್ರೆ ಅವರು ಹೊರಗಿನೋರಾ? ದಿನಾ ಬೆಳಿಗ್ಗೆ ಬೆನ್ನ ಮೇಲೆ ಹೊತ್ತು ಹತ್ತಿಸ್ತಾರೆ, ಸಂಜೆ ಇಳಿಸ್ತಾರೆ. ಅವರನ್ನ ಯಾರು ಲೆಕ್ಕ ಇಡ್ತಾರೆ?"

ತಾತ ಎರಡು ಬೀದಿ ಆಚೆ ದರ್ಜಿ ಅಂಗಡಿಯಲ್ಲಿ ಷರಟಿಗೆ ಕಾಜಾ ಹಾಕುತ್ತಿದ್ದ. ಕಾಲಡಿ ಬಿದ್ದಿದ್ದ ಬಟ್ಟೆಯ ತುಂಡುಗಳು, ಗಾಜು ಕಟ್ಟಿದ್ದ ಗಂಟಿನಂಥವೇ. ಜೀಪು ನಿಂತಿದ್ದು ನೋಡಿ ದಾರ ಕಚ್ಚಿ ತುಂಡರಿಸಿ, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಎದ್ದು ನಿಂತ.

"ಅಲಾರಂ ಒತ್ತಿದ್ದು ನೀವಾ, ಯಜಮಾನ್ರೇ?"

"ನಾನೇ ತಾಯಿ."

"ಯಾಕೆ?"

"ಮಗೂನ ತರಗತಿ ಕೆಳಗೆ ಮಾಡಿ ಅಂತ ವರ್ಷದಿಂದ ಗೋಗರೆದೆ. ಕೆಳಗೆ ಜಾಗ ಇಲ್ಲ ಅಂದ್ರು. ನಾಳೆ ಬೆಂಕಿ ಬಿದ್ರೆ ಏನು ಗತಿ ಅಂದೆ. ನಿಜವಾಗಿ ಬೆಂಕಿ ಬಿದ್ರೆ ಬಿಟ್ಟು ಓಡ್ತೀವಾ ತಾತ, ನಾವೇನು ಮನುಷ್ಯರಲ್ವಾ ಅಂದ್ರು ಹೆಡ್‌ಮಿಸ್. ಆ ಮಾತು ನಂಬೋಕೆ ನನಗೂ ಆಸೆ ಇತ್ತು. ಅದನ್ನೇ ನೋಡೋಣ ಅಂತ ಒತ್ತಿದೆ. ಒಬ್ಬರು, ಒಬ್ಬೇ ಒಬ್ಬರು ಮೆಟ್ಟಿಲು ಹತ್ತಿ ಬಂದಿದ್ರೆ ಕಾಲಿಗೆ ಬಿದ್ದು ತಪ್ಪಾಯ್ತು ಅಂದುಬಿಡ್ತಿದ್ದೆ."

"ಆ ಹುಡುಗ ಬಿದ್ದನಲ್ಲ?"

"ಎರಡು ಸಲ ಆಸ್ಪತ್ರೆ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಒಳಗೆ ಹೋಗೋ ಮುಖ ಎಲ್ಲಿದೆ ನನಗೆ? ಅದಕ್ಕೆ ಏನು ಶಿಕ್ಷೆಯಾದ್ರೂ ಕೊಡಿ."

ಮಧ್ಯಾಹ್ನ ಮೂರೂಕಾಲಿಗೆ ದಸ್ತಗಿರಿ ಆಯಿತು. ಠಾಣೆಯಲ್ಲೇ ಜಾಮೀನು ಸಿಗುವ ಕೇಸು. ಆದರೆ ಜಾಮೀನುದಾರ ಬಂದು ಕಾಗದಪತ್ರ ಮುಗಿಯಬೇಕೆಂದರೆ ಸಂಜೆ ಆರಂತೂ ಆಗುತ್ತಿತ್ತು. ತಾತ ಹೇಳಿದ ಕಡೆ ಸಹಿ ಮಾಡಿದ. ಕೇಳಿದ್ದು ಒಂದೇ.

"ನಾಲ್ಕಕ್ಕೆ ಶಾಲೆ ಬಿಡುತ್ತೆ, ತಾಯಿ. ಅವರಮ್ಮ ಕಾರ್ಖಾನೆಯಿಂದ ಬರೋದು ಏಳಕ್ಕೆ. ಮಗೂನ ಇಳಿಸೋರು ಯಾರು?"

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ಬುಲೆಟ್ ಆಗಲೇ ಟೋಪಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಅವನು ಅಷ್ಟು ಬೇಗ ಎದ್ದದ್ದನ್ನು ಠಾಣೆಯಲ್ಲಿ ಯಾರೂ ಕಂಡಿರಲಿಲ್ಲ.

ಇಬ್ಬರೂ ಶಾಲೆ ತಲುಪುವ ಹೊತ್ತಿಗೆ ಮಕ್ಕಳು ಮನೆಗೆ ಹೋಗಿದ್ದರು. ಮೆಟ್ಟಿಲ ಬುಡದಲ್ಲಿ ಹೆಡ್‌ಮಿಸ್ ನಿಂತಿದ್ದರು. ಸುದ್ದಿ ಮುಟ್ಟಿತ್ತು, ಮುಖ ಸಣ್ಣದಾಗಿತ್ತು.

"ಶಿಕ್ಷಣ ಇಲಾಖೆಗೆ ನಾನು ವರದಿ ಬರೀಲೇಬೇಕು," ಅಂದಳು ಇನ್ಸ್‌ಪೆಕ್ಟರ್.

"ಬರೀರಿ ಮೇಡಂ. ಇವತ್ತೇ ಸ್ಟಾಫ್ ರೂಮ್ ಖಾಲಿ ಮಾಡಿಸ್ತಿದ್ದೀನಿ. ನಾಳೆಯಿಂದ ಆ ತರಗತಿ ಕೆಳಗೇ." ಮೆಟ್ಟಿಲ ಕಡೆ ನೋಡಿ ಅಂದರು, "ಅವಳು ನಗ್ತಾ ಕೈ ಬೀಸ್ತಿದ್ದಳು. ಅದಕ್ಕೇ ನಮಗೆ ಹೊಳೀಲೇ ಇಲ್ಲ." ಸೆರಗಿನಿಂದ ಕಣ್ಣೊತ್ತಿಕೊಂಡು ಅವರೂ ಹಿಂದೆಯೇ ಮೆಟ್ಟಿಲು ಹತ್ತಿದರು.

ಬುಲೆಟ್ ಹುಡುಗಿಯನ್ನು ಬೆನ್ನ ಮೇಲೆ ಕೂರಿಸಿಕೊಂಡ. ಒಂದೊಂದು ಮೆಟ್ಟಿಲಿಗೂ ಉಸ್ಸಪ್ಪಾ ಅನ್ನುತ್ತಾ, ತನ್ನ ನಿಧಾನವನ್ನೆಲ್ಲ ಖರ್ಚುಮಾಡಿ ಇಳಿದ. ಹೆಡ್‌ಮಿಸ್ ಬ್ಯಾಗು ಹಿಡಿದಿದ್ದರು. ಮೈದಾನಕ್ಕೆ ಬಂದಾಗ ಹುಡುಗಿ ತಿರುಗಿ ಎರಡನೇ ಮಹಡಿಯ ತನ್ನ ಕಿಟಕಿ ನೋಡಿತು.

"ಟೀಚರ್, ಈಗ ನಾನು ಎಲ್ಲಿಂದ ಕೈ ಬೀಸಲಿ?"

"ಬೇಡ ಕಂದಾ," ಅಂದರು ಹೆಡ್‌ಮಿಸ್. "ನೀನು ಇಳಿದು ಬಂದಿದ್ದೀಯಲ್ಲ."