ಉಸಿರಾಡುವ ಕಲ್ಲು

ಫೆಬ್ರುವರಿ 11ರ ಬೆಳಿಗ್ಗೆ ಏಳೂವರೆಗೆ ಜೇವರ್ಗಿ ಠಾಣೆಗೆ ಬಂದ ಗುರುಶಾಂತ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದವನು.

“ನಮ್ಮ ತಂಗಿ ಭುವನೇಶ್ವರಿ ನಿನ್ನಿ ಇಲ್ಲೇ ಜೇವರ್ಗಿಯಾಗ ಗಂಡನ ಮನ್ಯಾಗ ಸತ್ತಾಳ್ರಿ. ಹಾವು ಕಡದದ ಅಂತ ಆಕಿ ಗಂಡ ಹೇಳಾಕತ್ತಾನ. ಅಲ್ಲಿ ಕುಣಿ ತೋಡಾಕತ್ತಾರ. ನಮ್ಮವ್ವ ಮೈ ತೊಳಿಯೋವಾಗ ಕೈ ನೋಡ್ಯಾಳ. ಅಂಗೈಯಾಗ ಸಾಲಾಗಿ ಐದು ತೂತದಾವ. ಹಾವು ಹಂಗ ಕಡೀತದೇನ್ರಿ?”

ಪಿಎಸ್‌ಐ ಜಗದೇವ ಅಸಹಜ ಸಾವಿನ ಪ್ರಕರಣ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಖಲೀಲನನ್ನು ಕರೆದುಕೊಂಡು ಹೊರಟರು. ಮಣ್ಣು ಮಾಡುವುದನ್ನು ನಿಲ್ಲಿಸಲಾಯಿತು. ಮದುವೆಯಾಗಿ ಏಳು ವರ್ಷ ತುಂಬದ ಕಾರಣ ತಹಶೀಲ್ದಾರರೇ ಬಂದು ಶವ ಪಂಚನಾಮೆ ನಡೆಸಿದರು. ಬಲಗೈ ಮೊಣಕೈವರೆಗೂ ಬಾತು ನೀಲಿಗಟ್ಟಿತ್ತು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು, “ಹಾವಲ್ಲ, ಯಾವುದೋ ವಿಷದ ಮುಳ್ಳು. ವಿಷಕ್ಕೆ ಹೃದಯ ಸೋತಿದೆ” ಎಂದರು.

ಗಂಡ ಕಲ್ಲಿನಾಥ ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ಅಂಗಡಿ ಇಟ್ಟವನು. ಅವನ ಮನೆಯ ಪಡಸಾಲೆಯಲ್ಲಿ ಗೋಡೆಯುದ್ದದ ಅಕ್ವೇರಿಯಂ ಇತ್ತು. ಉಪ್ಪುನೀರಿನಲ್ಲಿ ಕೆಂಪು ಪಟ್ಟೆಯ ಎರಡು ಮೀನುಗಳು ಉದ್ದುದ್ದ ಮುಳ್ಳು ಕೆದರಿಕೊಂಡು ತೇಲುತ್ತಿದ್ದವು.

“ಏನಿವು?” ಎಂದರು ಜಗದೇವ.

“ಸಿಂಹಮೀನ್ರಿ. ಮುಂಬೈದಿಂದ ತರಿಸೀನಿ. ಮುಳ್ಳಿಗಿ ವಿಷ ಅದ. ಚುಚ್ಚಿದ್ರ ಉರಿ ಉರಿ, ಆದ್ರ ಯಾರೂ ಸಾಯಂಗಿಲ್ಲ.” ಹೆಂಡತಿ ಸತ್ತ ಮನೆಯಲ್ಲೂ ಅವನ ದನಿಯಲ್ಲಿ ಜಂಬವಿತ್ತು.

“ಎರಡೇ ಅದಾವೇನು?”

“ಎರಡೇ ರಿ.”

ಖಲೀಲ ಗಾಜಿಗೆ ಮುಖ ಹಚ್ಚಿ ತಳದ ಕಲ್ಲುಗಳನ್ನೇ ನೋಡುತ್ತಿದ್ದ. “ಸಾಹೇಬ್ರ, ಇಲ್ಲಿ ಬರ್ರಿ. ಈ ಕಲ್ಲು ಉಸಿರಾಡಾಕತ್ತದ.”

ಅದು ಕಲ್ಲುಮೀನು. ಮೊಬೈಲಿನಲ್ಲಿ ಕಳಿಸಿದ ಫೋಟೋ ನೋಡಿದ ಕಲಬುರಗಿಯ ಮೀನುಗಾರಿಕೆ ಅಧಿಕಾರಿ ಕೂಡಲೇ ಫೋನ್ ಮಾಡಿದರು: ನೀರಿಗೆ ಕೈ ಹಾಕಬೇಡಿ, ಮೀನುಗಳಲ್ಲಿ ಇದಕ್ಕಿಂತ ವಿಷದ್ದು ಇಲ್ಲ. ಚುಚ್ಚಿಸಿಕೊಂಡವರಿಗೆ ಮೊದಲು ಮಾಡಬೇಕಾದ್ದು ಒಂದೇ, ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕೈ ಮುಳುಗಿಸುವುದು.

ಜಗದೇವ ಫೋನಿಟ್ಟು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಪಾತ್ರೆ ತುಂಬ ತಣ್ಣೀರು. ಗ್ಯಾಸ್ ಒಲೆಯ ನಾಬ್ ಪೂರ್ತಿ ತಿರುಗಿಸಿತ್ತು. ಕೆಳಗೆ ಗೀರಿ ಬಿಸಾಡಿದ ಬೆಂಕಿಕಡ್ಡಿಗಳು, ಮುರಿದ ಕಡ್ಡಿಗಳು; ಎಡಗೈಯಲ್ಲಿ ಗೀರಿದ್ದಿರಬೇಕು. ಸಿಲಿಂಡರಿಗೆ ರೆಗ್ಯುಲೇಟರ್ ಇರಲಿಲ್ಲ.

“ಎಲ್ಲಿ ರೆಗ್ಯುಲೇಟರ್?”

“ಕೆಟ್ಟಿತ್ರಿ. ರಿಪೇರಿಗಿ ಒಯ್ದೀನಿ.”

ಜಗದೇವ ಪಕ್ಕದ ಮನೆಯ ರುಕ್ಮಿಣಿಬಾಯಿಯನ್ನು ವಿಚಾರಿಸಿದರು.

“ಒದರಿದ್ದು ಕೇಳಿತ್ತೇನಮ್ಮಾ?”

“ಕೇಳಿತ್ರಿ. ಬಾಗಲಾ ಬಡದಿದ್ದೂ ಕೇಳಿತ್ರಿ. ಹೊರಗಿಂದ ಕೀಲಿ ಹಾಕಿತ್ತು.”

“ಮತ್ತ ಹೋಗಲಿಲ್ಲ ಯಾಕ?”

“ಆ ಮನ್ಯಾಗ ದಿನಾ ಒದರಾಟ ಇದ್ದದ್ದೇ ರಿ.” ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಾ ಟಿವಿ ದನಿ ಜಾಸ್ತಿ ಮಾಡಿದೆ.”

ಮಧ್ಯಾಹ್ನ ಪಂಚರ ಸಮಕ್ಷಮ ಅಂಗಡಿ ಶೋಧಿಸಿದಾಗ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ ರೆಗ್ಯುಲೇಟರ್, ಭುವನೇಶ್ವರಿಯ ಮೊಬೈಲ್, ಪಡಸಾಲೆಯ ಗೋಡೆಯಿಂದ ಕಿತ್ತು ತಂದ ಸಣ್ಣ ಕ್ಯಾಮೆರಾ ಸಿಕ್ಕವು. ರೆಗ್ಯುಲೇಟರನ್ನು ಮನೆಗೆ ತಂದು ಅದೇ ಸಿಲಿಂಡರಿಗೆ ಹಾಕಿ ಕಡ್ಡಿ ಗೀರಿದರು. ಒಲೆ ಹತ್ತಿತು. ಅಂದೇ ಕೊಲೆ ಕಲಂ ಅಡಿ ಎಫ್‌ಐಆರ್ ದಾಖಲಾಗಿ ಕಲ್ಲಿನಾಥನ ಬಂಧನವಾಯಿತು.

ಠಾಣೆಯಲ್ಲಿ ಅವನು ಅಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ.

“ಮೊದಲ ಬಾಳ ಅಂಜತಿದ್ಲು. ಮಾತು ಕೇಳದಿದ್ರ ಕೈ ಹಿಡದು ಸಿಂಹಮೀನಿನ ನೀರಿನ ಮ್ಯಾಲ ಹಿಡೀತಿದ್ದೆ. ಗಪ್ಪಾಗತಿದ್ಲು. ಆಮ್ಯಾಲ ತಾನೇ ಅವಕ್ಕ ತಿನ್ನಾಕ ಹಾಕಾಕ ಸುರು ಮಾಡಿದ್ಲು. ಆಕಿ ಬಂದ್ರ ಮೀನು ಗಾಜಿನ ಕಡೆ ಬರ್ತಿದ್ವು. ನಾ ತಂದ ಮೀನು ರಿ ಅವು! ಒಂದಿನ ಕೈ ಹಿಡದು ನೀರಿನ ಮ್ಯಾಲ ಒಯ್ದೆ. ನಕ್ಲು. ‘ಇವು ನನಗೇನೂ ಮಾಡಂಗಿಲ್ಲ’ ಅಂದ್ಲು.”

“ಅದಕ್ಕ ಕಲ್ಲುಮೀನು ತಂದಿ.”

“ಹೌದ್ರಿ. ಆಕಿಗಿ ಹೇಳಲಿಲ್ಲ. ಮುಳ್ಳು ಚುಚ್ಚಿದ್ರ ಬಿಸಿನೀರಾಗ ಕೈ ಇಡಬೇಕಂತ ಆಕಿಗಿ ಗೊತ್ತಿತ್ತು, ಅದಕ್ಕ ರೆಗ್ಯುಲೇಟರ್ ಕಿತ್ತಕೊಂಡೆ. ತಳದ ಕಲ್ಲು ಪಾಚಿಗಟ್ಯಾವ, ತಿಕ್ಕು ಅಂತ ಹೇಳಿ ಕೀಲಿ ಹಾಕ್ಕೊಂಡು ಅಂಗಡಿಗಿ ಬಂದೆ.”

“ಬಂದು?”

“ಕ್ಯಾಮೆರಾದಾಗ ನೋಡಾಕತ್ತಿದ್ದೆ. ನಾ ನೋಡತೇನಿ ಅಂತ ಆಕಿಗಿ ಗೊತ್ತಿತ್ತು. ಕೈ ಮುಗೀತಾಳ ಅಂತ ಕಾದೆ. ಒಂದ್ ಸಲ ಮುಗದಿದ್ರ ಓಡಿ ಬರ್ತಿದ್ದೆ ರಿ.”

“ಮುಗೀಲಿಲ್ಲ?”

ಕಲ್ಲಿನಾಥ ಮೊದಲ ಬಾರಿಗೆ ತಲೆ ತಗ್ಗಿಸಿದ. “ಅಡಗಿಮನಿಯಿಂದ ತೆವಳಿಕೋತ ಹೊಳ್ಳಿ ಬಂದ್ಲು. ಕ್ಯಾಮೆರಾ ಕಡೆ ನೋಡಿದ್ಲು. ಆಮ್ಯಾಲ ಬೆನ್ನು ಮಾಡಿ ಮಲಗಿದ್ಲು.”

ಹೇಳಿಕೆ ಬರೆದುಕೊಳ್ಳುತ್ತಿದ್ದ ಖಲೀಲನ ಪೆನ್ನು ನಿಂತಿತು.

“ಬರಿ,” ಅಂದರು ಜಗದೇವ. “ಬೆನ್ನು ಮಾಡಿದ್ಲು. ಹಾಂಗೇ ಬರಿ.”